ಮರಿಯನ್ನು ಬೆನ್ನ ಮೇಲೆ ಹೊರುವ ಕರಡಿ

ನಾವು ಮಗುವನ್ನು ಸೊಂಟದ ಮೇಲೆ ಕೂರಿಸಿಕೊಳ್ಳುತ್ತೇವೆ. ಆಸ್ಟ್ರೇಲಿಯಾ ದೇಶದ ಕಾಂಗರೂ ಮರಿಯನ್ನು ಹೊಟ್ಟೆಯ ಚೀಲದಲ್ಲಿ ಇಟ್ಟುಕೊಳ್ಳುತ್ತದೆ. ಅಂಥ ಚೀಲ ಇರುವ ಪ್ರಾಣಿ ನಮ್ಮ ದೇಶದ ಕಾಡಿನಲ್ಲಿ ಇಲ್ಲ. ಆದರೆ ಮರಿಯನ್ನು ಬೆನ್ನ ಮೇಲೆ ಹೊತ್ತು ತಿರುಗುವ ತಾಯಿ ನಮ್ಮಲ್ಲೇ ಇದೆ. ಅದೇ ಕರಡಿ.

ಬೇಲೂರು, ಹಳೇಬೀಡಿನ ಗುಡಿಗಳಲ್ಲಿ ಕಲ್ಲಿನ ಆನೆಗಳ ಸಾಲು ನೋಡ್ತೀವಿ. ಅಲ್ಲಿಂದ ಅರಸೀಕೆರೆ ಕಡೆ ಬಂದರೆ ಕಲ್ಲುಗುಡ್ಡ, ಕುರುಚಲು ಕಾಡು ಸಿಗುತ್ತವೆ. ಈ ಗುಡ್ಡಗಳಲ್ಲಿ ನಿಜವಾದ ಕರಡಿಗಳು ಇವೆ. ಬಂಡೆಗಳ ನಡುವಿನ ಗವಿಯೇ ಅವುಗಳ ಮನೆ.

ಕರಡಿ ಹೇಗಿರುತ್ತದೆ?

ಮೈತುಂಬ ಕಪ್ಪು ಜೂಲು ಕೂದಲು. ಎದೆಯ ಮೇಲೆ ಬಿಳಿ ಪಟ್ಟೆ. ಮೂತಿ ಉದ್ದ. ಉಗುರುಗಳು ಕುಡುಗೋಲಿನ ಹಾಗೆ ಬಾಗಿವೆ. ದೊಡ್ಡ ಗಂಡು ಕರಡಿ 100 ಕಿಲೋಗಿಂತ ಹೆಚ್ಚು ತೂಗಬಹುದು.

ಕರಡಿಗೆ ಗೆದ್ದಲು ಅಂದರೆ ಪ್ರಾಣ. ಉಗುರಿನಿಂದ ಹುತ್ತ ಒಡೆಯುತ್ತದೆ. ಮಣ್ಣನ್ನು ಊದಿ ಗೆದ್ದಲನ್ನು ಹೀರುತ್ತದೆ. ಹೀರಲು ಅನುಕೂಲವಾಗುವಂತೆ ಅದಕ್ಕೆ ಮೇಲಿನ ಮುಂದಿನ ಎರಡು ಹಲ್ಲು ಇಲ್ಲ! ಜೇನು, ನೇರಳೆ, ಎಲಚಿ, ಹಲಸು ಕೂಡ ತಿನ್ನುತ್ತದೆ. ಹಣ್ಣಿನ ಬೀಜ ಅದರ ಲದ್ದಿಯಲ್ಲಿ ಬಿದ್ದು ಕಾಡಿನಲ್ಲಿ ಹೊಸ ಗಿಡ ಹುಟ್ಟುತ್ತದೆ.

ತಾಯಿ ಕರಡಿ ಗವಿಯಲ್ಲಿ ಒಂದೋ ಎರಡೋ ಮರಿ ಹಾಕುತ್ತದೆ. ಎರಡು ಮೂರು ತಿಂಗಳ ಮೇಲೆ ಮರಿಗಳು ಹೊರಗೆ ಬರುತ್ತವೆ. ತಾಯಿಯ ಬೆನ್ನಿನ ಕೂದಲು ಹಿಡಿದು ಸವಾರಿ ಮಾಡುತ್ತವೆ. ಸುಮಾರು ಎರಡು ವರ್ಷ ತಾಯಿಯ ಜೊತೆಗೇ ಇರುತ್ತವೆ.

ಕರಡಿ ಮೇಲೆ ಬೀಳುವುದು ಯಾಕೆ?

ಕರಡಿಗೆ ಮೂಗು ಚುರುಕು. ಕಣ್ಣು, ಕಿವಿ ಮಂದ. ನಾವು ಹತ್ತಿರ ಹೋಗುವ ತನಕ ಅದಕ್ಕೆ ತಿಳಿಯೋದಿಲ್ಲ. ತಟ್ಟನೆ ಕಂಡರೆ ಬೆದರುತ್ತದೆ. ಮರಿ ಇದ್ದರಂತೂ ಬಿಡೋದಿಲ್ಲ. ನಮ್ಮನ್ನು ತಿನ್ನಲು ಬರುವುದಲ್ಲ, ಮರಿಯನ್ನು ಕಾಯಲು ಬರುತ್ತದೆ.

ನಾವು ಏನು ಮಾಡಬೇಕು?

ಸೌದೆಗೆ, ಹುಲ್ಲಿಗೆ ಒಬ್ಬರೇ ಹೋಗೋದು ಬೇಡ. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಗುಡ್ಡದ ಕಡೆ ಹೋಗೋದು ಬೇಡ. ಗುಂಪಾಗಿ, ಜೋರಾಗಿ ಮಾತಾಡ್ತಾ ಹೋಗೋಣ. ಗವಿಯ ಹತ್ತಿರ ಸುಳಿಯಬಾರದು. ದೂರದಲ್ಲಿ ಕರಡಿ ಕಂಡರೆ ಕಲ್ಲು ಹೊಡೆಯದೆ ಮೆಲ್ಲಗೆ ಹಿಂದೆ ಸರಿಯೋಣ. ಮರ ಹತ್ತಿ ಉಪಯೋಗವಿಲ್ಲ, ಕರಡಿಯೂ ಹತ್ತುತ್ತದೆ. ಮೇಲೆ ಬಿದ್ದರೆ ಬೋರಲು ಮಲಗಿ, ಕೈಗಳಿಂದ ಕತ್ತು ಮುಚ್ಚಿಕೊಳ್ಳಬೇಕು. ಗಾಯವಾದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಅರಣ್ಯ ಇಲಾಖೆಗೂ ತಿಳಿಸಬೇಕು. ಇಲಾಖೆಯಿಂದ ಪರಿಹಾರ ಕೇಳುವ ಹಕ್ಕು ನಮಗಿದೆ.

ಕರಡಿಯನ್ನು ಕೊಲ್ಲುವುದು 1972ರ ವನ್ಯಜೀವಿ ಕಾಯಿದೆ ಪ್ರಕಾರ ಅಪರಾಧ. ಹಂಪಿ ಹತ್ತಿರದ ದರೋಜಿಯಲ್ಲಿ 1994ರಲ್ಲಿ ಕರಡಿಧಾಮವನ್ನೇ ಮಾಡಿದರು.

ಗುಡ್ಡ ಕರಡಿಯ ಮನೆ, ಊರು ನಮ್ಮ ಮನೆ. ಅದರ ದಾರಿಯನ್ನು ನಾವು ತಿಳಿದುಕೊಂಡರೆ ಅದೂ ಉಳಿಯುತ್ತದೆ, ನಾವೂ ಉಳಿಯುತ್ತೇವೆ.