ವಾಹನ ಕೊಟ್ಟರೆ ಸಾಕೆ, ಓಡಿಸಲು ಕಲಿಸುವವರು ಯಾರು?

ವಿಕಲಚೇತನರಿಗೆ ಯಂತ್ರಚಾಲಿತ ವಾಹನ ವಿತರಿಸುವ ಸಮಾರಂಭಗಳು ನಮ್ಮ ತಾಲ್ಲೂಕು ಕೇಂದ್ರಗಳಿಗೆ ಹೊಸತಲ್ಲ. ಶಾಮಿಯಾನದ ಮುಂದೆ, ಹಿಂಬದಿಗೆ ಎರಡು ಹೆಚ್ಚುವರಿ ಚಕ್ರ ಜೋಡಿಸಿದ ಸ್ಕೂಟರ್‌ಗಳನ್ನು ಸಾಲಾಗಿ ನಿಲ್ಲಿಸಿ, ಗಣ್ಯರು ಕೀಲಿಕೈ ಹಸ್ತಾಂತರಿಸುತ್ತಾರೆ. ಸೇವೆಯಲ್ಲಿದ್ದಾಗ ಇಂತಹ ವೇದಿಕೆಗಳ ಅಂಚಿನಲ್ಲಿ ನಾನೂ ಕುಳಿತಿದ್ದೇನೆ. ಯೋಜನೆಯ ಬಗ್ಗೆ ನನ್ನ ತಕರಾರಿಲ್ಲ. ಕೀಲಿಕೈ ಕೊಟ್ಟೊಡನೆ ಸರ್ಕಾರದ ಹೊಣೆ ಮುಗಿಯಿತು ಎಂಬ ಧೋರಣೆಯ ಬಗ್ಗೆ ಇದೆ.

ಈ ಸ್ಕೂಟರ್ ನೋಟಕ್ಕೆ ದ್ವಿಚಕ್ರ ವಾಹನದಂತಿದ್ದರೂ ಅದರ ಸ್ವಭಾವವೇ ಬೇರೆ. ತಿರುವಿನಲ್ಲಿ ಅದು ವಾಲುವುದಿಲ್ಲ. ವೇಗ ತಗ್ಗಿಸದೆ ತಿರುಗಿಸಿದರೆ ಒಂದು ಮಗ್ಗುಲಿನ ಚಕ್ರ ನೆಲ ಬಿಟ್ಟೇಳುತ್ತದೆ. ಹಿಂದಕ್ಕೆ ಚಲಿಸುವ ಗೇರ್ ಸಾಮಾನ್ಯವಾಗಿ ಇರುವುದಿಲ್ಲ. ಇಳಿದು ತಳ್ಳಲಾಗದವರು ಮರಳಿನಲ್ಲಿ ಸಿಕ್ಕಿಕೊಂಡರೆ ದಾರಿಹೋಕರಿಗಾಗಿ ಕಾಯಬೇಕು. ನಂಜನಗೂಡು ಸೀಮೆಯ ರಸ್ತೆಗಳಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರ್‌ಗಳು ಎಷ್ಟೋ ಬಾರಿ ಹಿಂಬದಿ ದೀಪವೇ ಇಲ್ಲದೆ ಸಾಗುತ್ತವೆ. ತಿ.ನರಸೀಪುರದ ಕಡೆ ಸುಗ್ಗಿ ಬಂದರೆ ಹುರುಳಿ ಒಕ್ಕಣೆ ರಸ್ತೆಯ ಮೇಲೆಯೇ. ಇವುಗಳ ನಡುವೆ ವಾಹನ ನಡೆಸುವುದು ತಾನಾಗಿ ಬರುವ ವಿದ್ಯೆಯಲ್ಲ. ನನಗೆ ಪರಿಚಿತರಾದ ಆ ತಾಲ್ಲೂಕಿನ ದರ್ಜಿಯೊಬ್ಬರು ಕಲಿಯಲು ಹೋದಾಗ ತರಬೇತಿ ಶಾಲೆಯವರು ‘ಇಂಥ ಗಾಡಿ ನಾವು ಕಲಿಸೋದಿಲ್ಲ’ ಎಂದರಂತೆ. ಹಲವು ತಿಂಗಳು ಆ ಸ್ಕೂಟರನ್ನು ಅವರ ಅಣ್ಣನ ಮಗ ಓಡಿಸಿದ. ಫಲಾನುಭವಿ ಹಿಂದೆ ಕುಳಿತರು!

ಕಾನೂನು ಇದಕ್ಕಿಂತ ಮುಂದಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 41ನೇ ಕಲಮು, ಕೈಗೆಟಕುವ ವೆಚ್ಚದಲ್ಲಿ ವೈಯಕ್ತಿಕ ಸಂಚಾರ ಸಾಧ್ಯವಾಗುವಂತೆ ರಿಯಾಯಿತಿ, ವಾಹನಗಳ ಮಾರ್ಪಾಡು ಮತ್ತು ಸಂಚಾರ ನೆರವಿಗೆ ಯೋಜನೆ ರೂಪಿಸಬೇಕೆಂದು ಸರ್ಕಾರಗಳಿಗೆ ವಿಧಿಸುತ್ತದೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ‘ಮಾರ್ಪಡಿಸಿದ ವಾಹನ’ಕ್ಕೆ ಪ್ರತ್ಯೇಕ ವ್ಯಾಖ್ಯೆಯನ್ನೇ ನೀಡಿತು. ಮಾರ್ಪಾಡಿನ ಕಿಟ್‌ಗಳ ಮೇಲಿನ ಜಿಎಸ್‌ಟಿಯನ್ನು ಶೇ 5ಕ್ಕೆ ಇಳಿಸಲು ಮಂಡಳಿ 2021ರ ಸೆಪ್ಟೆಂಬರ್‌ನಲ್ಲಿ ತೀರ್ಮಾನಿಸಿತು. ಆದರೆ ತೆರಿಗೆ ವಿನಾಯಿತಿಯಿಂದ ಲಾಭವಾಗುವುದು ಕೊಳ್ಳುವ ಶಕ್ತಿಯಿದ್ದವರಿಗೆ ಮಾತ್ರ. ಅಂಗವೈಕಲ್ಯವುಳ್ಳವರ ಕಾರಿಗೆ ಇದ್ದ ಶೇ 18ರ ರಿಯಾಯಿತಿ ದರವೂ 2025ರ ಸೆಪ್ಟೆಂಬರ್‌ನಿಂದ ಸಣ್ಣ ಕಾರು ಕೊಳ್ಳುವ ಎಲ್ಲರ ದರವಾಗಿ, ವಿಶೇಷವೆಂಬುದು ಉಳಿಯಲಿಲ್ಲ.

ಅಮರ್ತ್ಯ ಸೇನ್ ಈ ವಿಷಯದಲ್ಲಿ ಎರಡು ಬಗೆಯ ಅಡಚಣೆಗಳನ್ನು ಗುರುತಿಸಿದ್ದಾರೆ. ಅಂಗವಿಕಲ ವ್ಯಕ್ತಿಗೆ ಗಳಿಸುವುದೂ ಕಷ್ಟ; ಗಳಿಸಿದ ಹಣವನ್ನು ಬದುಕಿನ ಅನುಕೂಲವಾಗಿ ಪರಿವರ್ತಿಸಿಕೊಳ್ಳುವುದು ಇನ್ನೂ ಕಷ್ಟ. ನಮ್ಮ ಯೋಜನೆಗಳು ಎರಡನೆಯದನ್ನು ಗಮನಿಸುವುದೇ ಇಲ್ಲ. ಎಡಗಾಲು ಮಾತ್ರ ದುರ್ಬಲವಾದವರಿಗೆ ಕ್ಲಚ್ ಇಲ್ಲದ ಸ್ವಯಂಚಾಲಿತ ಗೇರಿನ ಕಾರು ಸಾಕಾಗಬಹುದು. ಬಲಗಾಲು ದುರ್ಬಲವಾಗಿದ್ದರೆ ವೇಗವರ್ಧಕದ ಪೆಡಲನ್ನು ಎಡಕ್ಕೆ ತರಬೇಕು. ಎರಡೂ ಕಾಲು ಬಾರದವರಿಗೆ ಬ್ರೇಕ್ ಮತ್ತು ವೇಗವನ್ನು ಕೈಯಿಂದ ನಿಯಂತ್ರಿಸುವ ಸನ್ನೆ ಬೇಕು. ತೋಳಿನ ಬಲವೂ ಕಡಿಮೆ ಇರುವವರಿಗೆ ಸರ್ಕಾರ ಕೊಡುವ ಸ್ಕೂಟರ್ ನಿರುಪಯುಕ್ತ. ದೇಹಕ್ಕೆ ತಕ್ಕಂತೆ ವಾಹನ ಬದಲಾಗಬೇಕೇ ಹೊರತು, ಟೆಂಡರಿಗೆ ತಕ್ಕಂತೆ ದೇಹವಲ್ಲ.

ಬ್ರಿಟನ್ನಿನಲ್ಲಿ 1977ರಲ್ಲಿ ಸ್ಥಾಪನೆಯಾದ ಮೋಟಬಿಲಿಟಿ ವ್ಯವಸ್ಥೆಯಲ್ಲಿ, ಸಂಚಾರ ಭತ್ಯೆಯನ್ನು ಬಿಟ್ಟುಕೊಟ್ಟು ತಮಗೊಪ್ಪುವ ಕಾರನ್ನು ಗುತ್ತಿಗೆಗೆ ಪಡೆಯಬಹುದು. ಅನೇಕ ಮಾರ್ಪಾಡುಗಳ ವೆಚ್ಚ ಅದರಲ್ಲೇ ಸೇರಿರುತ್ತದೆ. ಆ ಶ್ರೀಮಂತಿಕೆ ನಮಗಿಲ್ಲ, ನಿಜ. ಆದರೆ ಆಯ್ಕೆ ಕೊಡುವುದಕ್ಕೆ ಶ್ರೀಮಂತಿಕೆ ಬೇಕಿಲ್ಲ.

ಈ ಎರಡು ತಾಲ್ಲೂಕುಗಳಲ್ಲೇ ಪ್ರಯೋಗ ಆರಂಭಿಸಬಹುದು. ಸ್ಕೂಟರಿಗೆ ತಗಲುವಷ್ಟೇ ಮೊತ್ತವನ್ನು, ಬಯಸಿದವರಿಗೆ, ಮನೆಯಲ್ಲಿರುವ ವಾಹನದ ಮಾರ್ಪಾಡಿಗೂ ತರಬೇತಿಗೂ ನೀಡಲಿ. ಕೈ ನಿಯಂತ್ರಣದ ಒಂದು ಕಾರು, ಒಂದು ಸ್ಕೂಟರ್, ನುರಿತ ಬೋಧಕರೊಬ್ಬರು ಮೈಸೂರಿನಲ್ಲಿದ್ದು, ವಾರದಲ್ಲಿ ಎರಡು ದಿನ ನಂಜನಗೂಡಿಗೆ, ಎರಡು ದಿನ ತಿ.ನರಸೀಪುರಕ್ಕೆ ಬರಲಿ. ಸ್ಥಳೀಯ ಸಂಸ್ಥೆಗಳು ವಿಕಲಚೇತನರಿಗಾಗಿ ಮೀಸಲಿಡುವ ಶೇ 5ರ ನಿಧಿಯಿಂದ ಬೋಧಕರ ವೇತನ ಭರಿಸಬಹುದು. ಪರವಾನಗಿ ಪರೀಕ್ಷೆಯನ್ನೂ ಅಲ್ಲಿಯೇ ಶಿಬಿರದಲ್ಲಿ ನಡೆಸಿದರೆ ಮೈಸೂರಿನ ಅಲೆದಾಟ ತಪ್ಪುತ್ತದೆ. ಇನ್ನು ಅರ್ಜಿ ನಮೂನೆಗೆ ಸೇರಬೇಕಾದದ್ದು ಒಂದೇ ಕಾಲಂ: ‘ವಾಹನ ಬೇಕೇ, ಇರುವ ವಾಹನದ ಮಾರ್ಪಾಡು ಬೇಕೇ?’