ಲಾಭವಿದ್ದರೂ ದಿವಾಳಿಯೇಕೆ?

ಲಾಭ ಗಳಿಸುತ್ತಿರುವ ವ್ಯಾಪಾರ ಸಂಸ್ಥೆಯೊಂದು ದಿವಾಳಿಯಾಗುವುದು ಸಾಧ್ಯವೇ? ಸಾಧ್ಯವೆಂಬುದಕ್ಕೆ ವಾಣಿಜ್ಯದ ಇತಿಹಾಸದಲ್ಲಿ ನಿದರ್ಶನಗಳುಂಟು. ಕಾರ್ಮಿಕರ ಸಂಬಳವನ್ನೂ ಸಾಲದ ಕಂತನ್ನೂ ತೀರಿಸಲು ಬೇಕಾದುದು ನಗದು ಹಣ. ಲಾಭವಾದರೋ ಮಾರಾಟವಾದೊಡನೆಯೇ ಲೆಕ್ಕದ ಪುಸ್ತಕವನ್ನು ಸೇರುತ್ತದೆ. ಉದ್ದರಿ ಕೊಂಡವರು ಹಣ ಕೊಡುವುದು ಮುಂದೆಂದೋ.

ಆಸ್ತಿಯೊಂದು ಹೆಚ್ಚು ನಷ್ಟವಿಲ್ಲದೆ ಬೇಗನೆ ನಗದಾಗಬಲ್ಲ ಗುಣಕ್ಕೆ ‘ದ್ರವತೆ’ಯೆಂದು ಹೆಸರು. ಒಂದು ವರ್ಷದೊಳಗೆ ನಗದಾಗತಕ್ಕವು ಚಾಲ್ತಿ ಆಸ್ತಿಗಳು. ಅಷ್ಟರೊಳಗೆ ತೀರಿಸಬೇಕಾದುವು ಚಾಲ್ತಿ ಹೊಣೆಗಳು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ‘ಚಾಲ್ತಿ ಅನುಪಾತ’ ದೊರೆಯುತ್ತದೆ.

ಒಂದು ಕಲ್ಪಿತ ಉದಾಹರಣೆಯನ್ನು ನೋಡೋಣ. ಒಂದು ಕಾರ್ಖಾನೆಯಲ್ಲಿ ನಗದು 20,000 ರೂಪಾಯಿ, ಗಿರಾಕಿಗಳಿಂದ ಬರಬೇಕಾದ ಬಾಕಿ 60,000 ರೂಪಾಯಿ, ಸರಕಿನ ದಾಸ್ತಾನು 1,20,000 ರೂಪಾಯಿ ಇವೆಯೆನ್ನೋಣ. ಒಟ್ಟು 2,00,000 ರೂಪಾಯಿ. ಚಾಲ್ತಿ ಹೊಣೆಗಳು 1,00,000 ರೂಪಾಯಿ. ಆದುದರಿಂದ ಚಾಲ್ತಿ ಅನುಪಾತ 2. ರೂಢಿಯ ಮಾತಿನಂತೆ ಇದು ನೆಮ್ಮದಿಯ ಸ್ಥಿತಿ.

ಆದರೆ ದಾಸ್ತಾನು ಮಾರಾಟವಾಗದೆ ಉಳಿದರೆ? ಅದನ್ನು ಕಳೆದು ಲೆಕ್ಕಹಾಕುವುದೇ ‘ಶೀಘ್ರ ಅನುಪಾತ’. ಇಲ್ಲಿ ಅದು 0.8, ರೂಢಿಯ ಮಟ್ಟವಾದ 1ಕ್ಕಿಂತ ಕಡಿಮೆ. ನಗದನ್ನು ಮಾತ್ರ ಎಣಿಸಿದರೆ 0.2. ಸಂಸ್ಥೆ ಒಂದೇ, ದಿನವೂ ಒಂದೇ. ಪರೀಕ್ಷೆ ಬಿಗಿಯಾದಂತೆ ಅದರ ನಿಜಸ್ಥಿತಿ ಹೊರಬೀಳುತ್ತದೆ.

ಬಾಕಿಯನ್ನು ಕೂಡ ಪರೀಕ್ಷಿಸದೆ ಬಿಡಲಾಗದು. ವರ್ಷದ ಉದ್ದರಿ ಮಾರಾಟ 3,65,000 ರೂಪಾಯಿಯಾದರೆ ದಿನವೊಂದಕ್ಕೆ 1,000 ರೂಪಾಯಿ. ಹಾಗಾಗಿ 60,000 ರೂಪಾಯಿ ಬಾಕಿಯೆಂದರೆ 60 ದಿನಗಳ ಮಾರಾಟದ ಹಣ. ಹಿಂದಿನ ವರ್ಷ ಇದು 40 ದಿನವಿದ್ದಿದ್ದರೆ, ವಸೂಲಿ ನಿಧಾನವಾಗುತ್ತಿದೆಯೆಂದು ತಿಳಿಯಬೇಕು. ವಿಚಿತ್ರವೆಂದರೆ, ವಸೂಲಾಗದ ಬಾಕಿ ಬೆಳೆದಷ್ಟೂ ಚಾಲ್ತಿ ಆಸ್ತಿಯ ಮೊತ್ತ ದೊಡ್ಡದಾಗಿಯೇ ಕಾಣುತ್ತದೆ!

ಅಮೆರಿಕದ ಡಬ್ಲ್ಯೂ. ಟಿ. ಗ್ರಾಂಟ್ ಸಂಸ್ಥೆಯ ಕಥೆ ಇದಕ್ಕೆ ಸಾಕ್ಷಿ. 1906ರಲ್ಲಿ ಮ್ಯಾಸಚೂಸೆಟ್ಸ್‌ನ ಲಿನ್ ನಗರದಲ್ಲಿ ಒಂದು ಅಂಗಡಿಯಾಗಿ ಹುಟ್ಟಿದ ಅದು ಸಾವಿರಕ್ಕೂ ಹೆಚ್ಚು ಅಂಗಡಿಗಳಾಗಿ ಬೆಳೆಯಿತು. ಗಿರಾಕಿಗಳಿಗೆ ಧಾರಾಳವಾಗಿ ಉದ್ದರಿ ಕೊಟ್ಟಿತು. ವರ್ಷವರ್ಷವೂ ಲಾಭ ತೋರಿಸಿತು. ಆದರೆ ಬಾಕಿಯೂ ದಾಸ್ತಾನೂ ಬೆಳೆದು ಹಣವನ್ನು ಹಿಡಿದಿಟ್ಟವು. ಪತನಕ್ಕೆ ಮುಂಚಿನ ದಶಕದ ಬಹುಪಾಲು ಅದರ ವ್ಯಾಪಾರವು ನಗದನ್ನು ತರುವುದರ ಬದಲು ನುಂಗುತ್ತಿದ್ದಿತೆಂದು, 1980ರಲ್ಲಿ ಲಾರ್ಗೇ ಮತ್ತು ಸ್ಟಿಕ್ನಿ ಎಂಬ ವಿದ್ವಾಂಸರು ತೋರಿಸಿದರು. ಕೊರತೆಯನ್ನು ಸಾಲ ತುಂಬುತ್ತಿತ್ತು. 1975ರ ಅಕ್ಟೋಬರಿನಲ್ಲಿ ಸಂಸ್ಥೆಯು ದಿವಾಳಿ ಅರ್ಜಿ ಸಲ್ಲಿಸಿತು. ಮರುವರ್ಷ ಅಂಗಡಿಗಳೆಲ್ಲವೂ ಮುಚ್ಚಿದುವು. ಸಾವಿರಾರು ನೌಕರರು ಕೆಲಸ ಕಳೆದುಕೊಂಡರು.

ಹಾಗೆಂದು ಅನುಪಾತ ತಗ್ಗಿರುವುದೆಲ್ಲವೂ ಅಪಾಯವಲ್ಲ. ದಿನದಿನವೂ ನಗದಿಗೆ ಮಾರಿ, ಸರಕಿನ ಹಣವನ್ನು ತಿಂಗಳ ಬಳಿಕ ಕೊಡುವ ದಿನಸಿ ಅಂಗಡಿಯು 1ಕ್ಕಿಂತ ಕಡಿಮೆ ಅನುಪಾತದಲ್ಲಿಯೂ ಸುಗಮವಾಗಿ ನಡೆಯಬಲ್ಲುದು. ಆದುದರಿಂದ ಅದೇ ಉದ್ಯಮದ ಇತರ ಸಂಸ್ಥೆಗಳೊಡನೆಯೂ ಹಿಂದಿನ ವರ್ಷಗಳೊಡನೆಯೂ ಹೋಲಿಸಿ ನೋಡುವುದು ಅವಶ್ಯಕ.

ವೈದ್ಯನು ಜ್ವರದ ಅಂಕಿಯೊಂದರಿಂದಲೇ ರೋಗವನ್ನು ನಿರ್ಣಯಿಸುವುದಿಲ್ಲ. ಅಢಾವೆ ಪತ್ರಿಕೆಯನ್ನು ಓದುವವನೂ ಅನುಪಾತವೆಷ್ಟೆಂದು ಕೇಳಿದ ಬಳಿಕ, ಅದರೊಳಗೆ ಏನೇನಿದೆ, ಅದು ಯಾವಾಗ ಹಣವಾದೀತು ಎಂದು ವಿಚಾರಿಸಲೇಬೇಕು.