ಸಂತಾನಹೀನತೆಯೂ ಗೃಹಸ್ಥರ ಕರ್ತವ್ಯವೂ

ಮದುವೆಯಾಗಿ ಎರಡು ವರ್ಷ ಕಳೆದರೂ ತೊಟ್ಟಿಲು ತೂಗದ ಮನೆಯಲ್ಲಿ ನೆಂಟರಿಷ್ಟರ ದೃಷ್ಟಿಯು ಮೊದಲು ಬೀಳುವುದು ಸೊಸೆಯ ಮೇಲೆ. ಕಾಕನಕೋಟೆಯ ಕಾಡಂಚಿನ ಹಳ್ಳಿಯಾಗಲಿ, ಹುಣಸೂರಿನ ಪೇಟೆಯಾಗಲಿ, ಈ ರೂಢಿಯೊಂದೇ. ಚುಂಚನಕಟ್ಟೆಯ ಕೋದಂಡರಾಮನಿಗೂ ಬೆಟ್ಟದಪುರದ ಮಲ್ಲಿಕಾರ್ಜುನನಿಗೂ ಹರಕೆ ಹೊರುವವಳು ಅವಳು. ಅಶ್ವತ್ಥಕಟ್ಟೆಯನ್ನು ಸುತ್ತುವವಳು ಅವಳು. ಸೀಮಂತದ ಮನೆಯಲ್ಲಿ ಹಿಂದೆ ಸರಿದು ನಿಲ್ಲುವವಳೂ ಅವಳೇ. ದಶರಥನಿಗೆ ಮೂವರು ರಾಣಿಯರಿದ್ದೂ ಮಕ್ಕಳಾಗಲಿಲ್ಲವೆಂಬುದನ್ನೂ, ಯಾಗದೀಕ್ಷೆಯನ್ನು ವಹಿಸಿದವನು ಆ ರಾಜನೇ ಎಂಬುದನ್ನೂ ನಾವು ಮರೆತುಬಿಡುತ್ತೇವೆ.

ಒಂದು ವರ್ಷ ಕಾಲ ಗರ್ಭನಿರೋಧದ ಉಪಾಯವಾವುದನ್ನೂ ಬಳಸದೆ ದಂಪತಿಗಳು ಕೂಡಿ ಬಾಳಿದರೂ ಗರ್ಭ ನಿಲ್ಲದಿದ್ದರೆ ವೈದ್ಯರನ್ನು ಕಾಣತಕ್ಕದ್ದು. ಪತ್ನಿಗೆ 35 ವರ್ಷ ದಾಟಿದ್ದರೆ ಆರು ತಿಂಗಳಿಗಿಂತ ಹೆಚ್ಚು ಕಾಯಬಾರದು. ಪ್ರಪಂಚದಲ್ಲಿ ಸುಮಾರು ಆರು ಮಂದಿಯಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಈ ತೊಂದರೆ ಒದಗುವುದೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ತಿಳಿಸಿತು.

ಕಾರಣಗಳು ಇಬ್ಬರಲ್ಲಿಯೂ ಇರಬಹುದು. ಸ್ತ್ರೀಯರಲ್ಲಿ ಅಂಡವು ಕಾಲಕಾಲಕ್ಕೆ ಬಿಡುಗಡೆಯಾಗದಿರುವುದು, ಸೋಂಕಿನಿಂದ ಅಂಡನಾಳ ಮುಚ್ಚಿಹೋಗುವುದು ಮುಖ್ಯವಾದವು. ಕ್ಷಯರೋಗವು ಶ್ವಾಸಕೋಶವನ್ನಷ್ಟೇ ಅಲ್ಲದೆ ಗರ್ಭಕೋಶವನ್ನೂ ಸದ್ದಿಲ್ಲದೆ ಕೆಡಿಸುವುದುಂಟು. ಪುರುಷರಲ್ಲಿ ವೀರ್ಯಾಣುಗಳ ಸಂಖ್ಯೆಯೋ ಚಲನೆಯೋ ಕುಂದಿರಬಹುದು; ವೃಷಣದ ರಕ್ತನಾಳಗಳು ಉಬ್ಬಿರಬಹುದು. ಹುಣಸೂರು, ಪಿರಿಯಾಪಟ್ಟಣದ ಹೊಲಗಳಲ್ಲಿ ಹೊಗೆಸೊಪ್ಪು ಸಂಸಾರಕ್ಕೆ ಆಧಾರವಾಗಿರಬಹುದು. ಆದರೆ ಅದನ್ನು ಸೇದುವವನ ವೀರ್ಯಕ್ಕೆ ಅದು ಹಾನಿಕರ. ಕೆಲವರಲ್ಲಿ ಎಷ್ಟು ಹುಡುಕಿದರೂ ಕಾರಣವೇ ಕಾಣಿಸದು.

ಆದುದರಿಂದ ಪರೀಕ್ಷೆಯು ಇಬ್ಬರಿಗೂ ಒಟ್ಟಿಗೆ ಆಗತಕ್ಕದ್ದು. ಪತಿಯ ವೀರ್ಯಪರೀಕ್ಷೆಯೇ ಎಲ್ಲಕ್ಕಿಂತ ಸುಲಭ. ಎರಡರಿಂದ ಏಳು ದಿನಗಳ ಸಂಯಮದ ಬಳಿಕ ಅದನ್ನು ಮಾಡುವರು. ನೋವಿಲ್ಲ, ಖರ್ಚೂ ಕಡಮೆ. ಅದಕ್ಕೆ ಗಂಡನು ನಾಚಿ, ಹೆಂಡತಿಯನ್ನು ಮಾತ್ರ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಸುವುದು ನ್ಯಾಯವಲ್ಲ. ಪತ್ನಿಗೆ ರಕ್ತಪರೀಕ್ಷೆ, ಸ್ಕ್ಯಾನಿಂಗ್, ಅಗತ್ಯವಾದರೆ ಅಂಡನಾಳದ ಎಕ್ಸ್‌ರೇ ಉಂಟು. ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಿ, ಬೇಕಾದರೆ ಮೈಸೂರಿನ ಚೆಲುವಾಂಬ ಆಸ್ಪತ್ರೆಯ ಸ್ತ್ರೀರೋಗತಜ್ಞರನ್ನು ಕಾಣಬಹುದು.

ಅನೇಕರಿಗೆ ಅಂಡ ಬಿಡುಗಡೆಯಾಗಲು ಮಾತ್ರೆಗಳೇ ಸಾಕಾಗುತ್ತವೆ. ಕೆಲವರಿಗೆ ಶಸ್ತ್ರಚಿಕಿತ್ಸೆ, ಮತ್ತೆ ಕೆಲವರಿಗೆ ಶುದ್ಧಪಡಿಸಿದ ವೀರ್ಯವನ್ನು ಗರ್ಭಕೋಶಕ್ಕೆ ಸೇರಿಸುವುದು. ಪ್ರನಾಳ ಶಿಶುವಿನ ಮಾರ್ಗವು ಕೊನೆಯದು. ಅದು 1978ರ ಜುಲೈಯಲ್ಲಿ ಇಂಗ್ಲೆಂಡಿನಲ್ಲಿ ಫಲಿಸಿತು. ಅದೇ ಅಕ್ಟೋಬರಿನಲ್ಲಿ ಕಲ್ಕತ್ತೆಯಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದಲೂ ಒಂದು ಹೆಣ್ಣು ಮಗು ಜನಿಸಿತು. ಇದಕ್ಕೆ ವೆಚ್ಚ ಬಹಳ. ಪ್ರತಿಸಲವೂ ಫಲಿಸುವುದೆಂಬ ಭರವಸೆಯಿಲ್ಲ. ಪತ್ನಿಯ ವಯಸ್ಸು ಏರಿದಂತೆ ಫಲವೂ ಇಳಿಯುವುದು. 2021ರ ಕಾನೂನಿನಂತೆ ಇಂಥ ಚಿಕಿತ್ಸಾಲಯಗಳು ನೋಂದಣಿ ಪಡೆದಿರಲೇಬೇಕು. ಹೊಲ ಅಡವಿಡುವ ಮುನ್ನ ಅದನ್ನು ವಿಚಾರಿಸಿಕೊಳ್ಳುವುದು ಲೇಸು.

ಯಾವುದೂ ಫಲಿಸದಿದ್ದರೆ ಕಾನೂನಿನ ಪ್ರಕಾರ ದತ್ತು ಸ್ವೀಕರಿಸಬಹುದು. ಅದೂ ಬೇಡವೆಂದು ಇಬ್ಬರೇ ನೆಮ್ಮದಿಯಾಗಿ ಬಾಳುವುದೂ ಸಂಸಾರವೇ. ಹರಕೆ ಹೊರುವವರು ಹೊರಲಿ. ದೇವರ ಗುಡಿಗಾಗಲಿ, ವೈದ್ಯರ ಬಾಗಿಲಿಗಾಗಲಿ, ಗಂಡಹೆಂಡಿರು ಜೊತೆಯಾಗಿ ಹೋಗಲಿ. ಬಂಜೆಯೆಂಬ ಮಾತನ್ನು ಮಾತ್ರ ಮನೆಯ ಹಿರಿಯರು ಹೊಸ್ತಿಲಿನಿಂದಾಚೆಗೆ ಕಳುಹಿಸಿಬಿಡಲಿ.